ದೊಡ್ಡ ಎಂಜಿನ್, ಬೋಳು ನೆಲ
ಅಮೆರಿಕದ ವಯೋಮಿಂಗಿನ ಟಾರ್ವರ್ ಕೌಂಟಿಯಲ್ಲಿ ಪೊಲೀಸ್ ಗ್ಯಾರೇಜಿನ ಯಜಮಾನ ಬರ್ಲ್ ಹ್ಯಾಸ್ಕೆಟ್‌ಗೆ ಎಲ್ಲರೂ ಇಟ್ಟ ಹೆಸರು ‘ಬೇಡಣ್ಣ’. ಹೊಸ ಕಾರು ತರಿಸುವ ನಮೂನೆಯ ಮೊದಲ ಸಾಲಿನಲ್ಲಿ ಅವನು ಇರುವುದರಲ್ಲೇ ದೊಡ್ಡ ಎಂಜಿನ್ನಿಗೆ ಗುರುತು ಹಾಕುತ್ತಿದ್ದ. ಅಲ್ಲಿಂದ ಕೆಳಗೆ ಬರೀ ಬೇಡ. ನೆಲಹಾಸು ಬೇಡ, ಹಾಡಿನ ರೇಡಿಯೊ ಬೇಡ, ಗಡಿಯಾರ ಬೇಡ, ಚಕ್ರಕ್ಕೆ ಹೊಳೆಯುವ ತಟ್ಟೆಯಂತೂ ಬೇಡವೇ ಬೇಡ. ಒಳಗೆ ಕೂತರೆ ಕೊಟ್ಟಿಗೆಯಲ್ಲಿ ಕೂತ ಹಾಗೆ. ಕಾಲೊತ್ತಿದರೆ ಮಾತ್ರ ಗುಂಡಿಗೆ ಬಾಯಿಗೆ ಬರುತ್ತಿತ್ತು.

ನೆಲ ಬರೀ ರಬ್ಬರು. ಶನಿವಾರದ ಕುಡುಕರು ಹಿಂದಿನ ಸೀಟಿನಲ್ಲಿ ಕಾರಿಕೊಂಡರೆ ಪೈಪು ಹಿಡಿದು ತೊಳೆದರಾಯಿತು. ಹೊಳೆಯುವ ತಟ್ಟೆಗಳೋ, ಜೋರು ತಿರುವಿನಲ್ಲಿ ಕಳಚಿಕೊಂಡು ಯಾರದೋ ಗೋಧಿ ಹೊಲ ಸೇರುತ್ತಿದ್ದವು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಎಪ್ಪತ್ತಾರರ ಫೆಬ್ರವರಿಯ ಒಂದು ಶುಕ್ರವಾರ, ಸಂಜೆ ನಾಲ್ಕೂ ಮುಕ್ಕಾಲಿಗೆ, ಕೌಂಟಿ ಮಂಡಳಿಯ ಅಧ್ಯಕ್ಷ ಮೆರಿಟ್ ಕ್ಲಾಸ್ನರ್ ಬೂಟಿನ ಹಿಮ ಕೊಡವುತ್ತ ಗ್ಯಾರೇಜಿಗೆ ಬಂದ. ಆರು ಹೊಸ ಕಾರಿನ ನಮೂನೆ ಬರ್ಲ್‌ನ ಮೇಜಿನ ಮೇಲಿತ್ತು. ಐದು ಗಂಟೆಗೆ ಕಾರ್ಖಾನೆಯವರು ಆ ವರ್ಷದ ಪೊಲೀಸ್ ಕಾರುಗಳ ಬೇಡಿಕೆ ಪಟ್ಟಿ ಮುಚ್ಚುತ್ತಿದ್ದರು. ಆಮೇಲೆ ಒಂದಕ್ಷರ ತಿದ್ದುವ ಹಾಗಿಲ್ಲ.

"ಬರ್ಲ್, ಜುಲೈ ನಾಲ್ಕಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ತುಂಬುತ್ತೆ. ಮೆರವಣಿಗೇಲಿ ನಮ್ಮ ಕಾರು ಭಿಕ್ಷೆಗೆ ಹೊರಟ ಹಾಗಿರಬಾರ್ದು. ಮಖಮಲ್ಲಿನ ಸೀಟು ಹಾಕ್ಸು, ನೆಲಹಾಸು ಹಾಕ್ಸು. ದುಡ್ಡು ಅಷ್ಟೇ ಇರೋದು, ಎಂಜಿನ್ ಒಂದು ಸೈಜು ಚಿಕ್ಕದು ಮಾಡು."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ಅನ್ನುವ ಜನ ಎಲ್ಲ ದೇಶದಲ್ಲೂ ಇದ್ದಾರೆ.

"ಯಾಕಯ್ಯಾ, ಮೆರವಣಿಗೇಲಿ ಜನ ಕಾರಿನೊಳಗೆ ತಲೆ ಹಾಕಿ ನೋಡ್ತಾರಾ?" ಅಂದ ಬರ್ಲ್.

"ನಾನು ಕೂತ್ಕೋತೀನಲ್ಲ!"

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ, ಗಸ್ತು ತಿರುಗುವ ಪೊಲೀಸ್ ಡೆಪ್ಯುಟಿ ವರ್ನಾ ಓಡೆಗಾರ್ಡ್ ಕಿಸಕ್ಕನೆ ನಕ್ಕಳು. ಅವಳ ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು.

"ಕಳ್ಳರ ಹಿಂದೆ ಓಡೋಕೆ ಅಷ್ಟು ದೊಡ್ಡ ಎಂಜಿನ್ ಬೇಕಾ? ವೈರ್‌ಲೆಸ್ ಇಲ್ವಾ?" ಕ್ಲಾಸ್ನರ್ ಬಿಡಲಿಲ್ಲ.

ಬರ್ಲ್‌ಗೆ ನಿಜವಾಗಿ ಸಿಟ್ಟು ಬಂದಿದ್ದು ಆಗ. "ಕಳ್ಳರು ಹಾಳಾಗಿ ಹೋಗ್ಲಿ! ವರ್ನಾ, ಹೇಳಮ್ಮಾ ಇವ್ನಿಗೆ. ನವೆಂಬರಿನಲ್ಲಿ ಇಬ್ಬರು ಪುಂಡರು ನಿನ್ನನ್ನ ಹಳ್ಳಕ್ಕೆ ಕೆಡವಿ ಬಡಿದಾಗ ಹತ್ತಿರದ ಡೆಪ್ಯುಟಿ ಎಷ್ಟು ದೂರ ಇದ್ದ?"

"ನಲವತ್ತೊಂದು ಮೈಲಿ."

"ಎಷ್ಟೊತ್ತಿಗೆ ಬಂದ?"

"ಇಪ್ಪತ್ತೆರಡು ನಿಮಿಷಕ್ಕೆ." ಅವಳು ಕಪ್ಪು ಕೆಳಗಿಟ್ಟಳು. "ಇಪ್ಪತ್ತಮೂರನೇ ನಿಮಿಷಕ್ಕೆ ನಾನು ಇರ್ತಿರಲಿಲ್ಲ, ಮಿಸ್ಟರ್ ಕ್ಲಾಸ್ನರ್."

ಕ್ಲಾಸ್ನರ್ ಅವಳ ಮುಖ ನೋಡಲಿಲ್ಲ, ಗಡಿಯಾರ ನೋಡಿದ. ಐದಕ್ಕೆ ಏಳು ನಿಮಿಷವಿತ್ತು. "ಅದೆಲ್ಲ ಆಮೇಲೆ. ನಾನು ಹೇಳಿದ ಹಾಗೆ ಬರಿ."

ನಮೂನೆಗೆ ಸಹಿ ಮಾಡುವ ಹಕ್ಕು ಗ್ಯಾರೇಜಿನ ಯಜಮಾನನೊಬ್ಬನಿಗೇ ಇತ್ತು. ಬರ್ಲ್ ಸಹಿ ಎಳೆದು, ಫೋನೆತ್ತಿ, ಕಾರು ಮಾರುವವನಿಗೆ ಗಟ್ಟಿಯಾಗಿ ಓದತೊಡಗಿದ. "ಎಂಜಿನ್, ಇರೋದರಲ್ಲೇ ದೊಡ್ಡದು. ಆರಕ್ಕೂ. ಬ್ರೇಕು, ದಪ್ಪದ್ದು. ನೆಲಹಾಸು, ಬೇಡ."

"ಇಡು ಫೋನು!" ಕ್ಲಾಸ್ನರ್ ಕೆಂಪಾದ. "ಸೋಮವಾರದಿಂದ ನೀನು ಇಲ್ಲಿಗೆ ಬರಬೇಡ. ಕೇಳಿಸ್ತಾ?"

ಈ ಕೆಲಸ ಬಿಟ್ಟರೆ ಬರ್ಲ್‌ಗೆ ಬೇರೇನೂ ಇರಲಿಲ್ಲ. ಆದರೂ ಫೋನಿನ ಬಾಯಿಗೆ ಅಂಗೈ ಮುಚ್ಚಿ ಅಂದ: "ಸೋಮವಾರ ತಾನೆ? ಇವತ್ತು ಶುಕ್ರವಾರ. ಸ್ವಲ್ಪ ಸುಮ್ನಿರು, ಮಾತಾಡ್ತಿದ್ದೀನಿ." ಅಂಗೈ ತೆಗೆದ. "ಹ್ಞಾಂ, ಎಲ್ಲಿದ್ದೆ? ಮಖಮಲ್ಲು. ಬೇಡ."

ಜುಲೈ ನಾಲ್ಕರ ಮೆರವಣಿಗೆಯಲ್ಲಿ ಆರು ಬೋಳು ಕಾರುಗಳು ಬಂದವು. ಕೆಲಸ ಹೋದ ಬರ್ಲ್ ಬೀಜದಂಗಡಿಯ ಮುಂದೆ ಎಲ್ಲರ ಹಾಗೆ ನಿಂತಿದ್ದ. ವರ್ನಾ ಅವನೆದುರು ಕಾರು ನಿಲ್ಲಿಸಿ, ಗೇರು ಬಿಡಿಸಿ, ಬಲಗಾಲಿನಿಂದ ಆಕ್ಸಿಲರೇಟರನ್ನು ನೆಲದ ರಬ್ಬರಿನವರೆಗೂ ಒತ್ತಿದಳು. ಎಂಜಿನ್ನಿನ ಮೊರೆತಕ್ಕೆ ಬೀದಿಯುದ್ದದ ಅಂಗಡಿಗಳ ಗಾಜು ಗಡಗಡ ಎಂದಿತು. ವೇದಿಕೆಯ ಮೇಲೆ ಕ್ಲಾಸ್ನರ್ ಭಾಷಣ ನಿಲ್ಲಿಸಿ ಕಾಯಬೇಕಾಯಿತು. ಅವಳು ಕಾಲು ತೆಗೆಯಲಿಲ್ಲ.