ದೇವದುರ್ಗದಲ್ಲಿ ಕೇಳಿದ ಪಿಯಾನೋ

ದೇವದುರ್ಗಕ್ಕೆ ಬಂದ ಮೊದಲ ಬೆಳಿಗ್ಗೆ ಯಾರೋ ಬಾಗಿಲು ಬಡಿದು, "ಸಿಸ್ಟರ್, ನೀರು ಬಂದಾವ, ಜಲ್ದಿ ಬರ್ರಿ!" ಎಂದು ಕೂಗಿದರು. ನೇತ್ರಾವತಿ ದಂಡೆಯಲ್ಲಿ ಬೆಳೆದವಳು ನಾನು. ನೆರೆಯೇ ಬಂತೆಂದು ಟ್ರಂಕನ್ನು ಮಂಚದ ಮೇಲೆ ಎತ್ತಿಟ್ಟು ಹೊರಗೆ ಓಡಿದೆ. ಅಂಗಳದ ತುಂಬ ಕೊಡಗಳು. ಬಂದದ್ದು ನಳದ ನೀರು! ಇಲ್ಲಿ ನೀರು ಯಾವಾಗಲೂ ಬಹುವಚನ. ಅಪರೂಪಕ್ಕೆ ಬರುವುದರಿಂದ ಮರ್ಯಾದೆ ಕೊಡುತ್ತಾರೇನೋ ಎಂದುಕೊಂಡೆ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಸರ್ಕಾರಿ ಆಸ್ಪತ್ರೆಯ ನರ್ಸ್ ಕೆಲಸ ನನ್ನನ್ನು ಮಂಗಳೂರಿನಿಂದ ಇಲ್ಲಿಗೆ ತಂದು ಹಾಕಿತ್ತು. ಬಾಗಿಲು ಬಡಿದವಳು ಮನೆಯೊಡತಿ ಹನುಮವ್ವ. ಹೊಲಗಳಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದವಳು. ಮಗ ಈರಣ್ಣ ಈಗ ಶಾಲೆಯ ಮಾಸ್ತರ. ಅವನು ಕಟ್ಟಿಸಿದ ಮನೆಯಲ್ಲಿ ನನಗೊಂದು ಕೋಣೆ. ನಮ್ಮ ಹಂಚಿನ ಮಾಡಿನ ಇಳಿಜಾರು ಇಲ್ಲಿಲ್ಲ. ಮನೆಯ ತಲೆ ಚಪ್ಪಟೆ. ಅದಕ್ಕೆ ಮಾಳಿಗೆ ಎನ್ನುತ್ತಾರೆ, ಬೇಸಿಗೆಯಲ್ಲಿ ಮಲಗುವುದೂ ಅಲ್ಲೇ. ಊಟಕ್ಕೆ ಅನ್ನ ಕೇಳಿದರೆ ಹನುಮವ್ವ ನನ್ನ ಹಣೆ ಮುಟ್ಟಿ ನೋಡಿ, "ಯಾಕವ್ವಾ, ಮೈಯಾಗ ಆರಾಮಿಲ್ಲೇನು?" ಅನ್ನುತ್ತಿದ್ದಳು. ಜೋಳದ ರೊಟ್ಟಿ ಹರಿಯದ ಹಾಗೆ ತಟ್ಟಲು ಕಲಿತ ದಿನ ನರ್ಸಿಂಗ್ ಪರೀಕ್ಷೆ ಪಾಸಾದ ದಿನಕ್ಕಿಂತ ಹೆಚ್ಚು ಹಿಗ್ಗಿದ್ದೆ.

ಆದರೆ ಪಿಯಾನೋ ಮಾತನ್ನು ಇಲ್ಲಿ ಯಾರ ಹತ್ತಿರ ಆಡುವುದು? ನಾನೂ ತಂಗಿ ಲೀನಾಳೂ ಕಾನ್ವೆಂಟಿನ ಒಂದೇ ಪಿಯಾನೋದಲ್ಲಿ, ಒಂದೇ ಬೆಂಚಿನಲ್ಲಿ ಕೂತು ಕಲಿತವರು. ನಾನು ಬಿಟ್ಟೆ, ಅವಳು ಬಿಡಲಿಲ್ಲ. ಬೊಂಬಾಯಿಯ ಚಿಕ್ಕಮ್ಮನ ಮನೆಯಲ್ಲಿದ್ದು ಕಲಿತಳು. ಆ ವರ್ಷ ಅಲ್ಲಿನ ದೊಡ್ಡ ವಾದ್ಯವೃಂದದೊಂದಿಗೆ ಕಾನ್ಚೆರ್ಟೊ ನುಡಿಸಲು ಅವಳನ್ನು ಆರಿಸಿದ್ದರು. ಕಾನ್ಚೆರ್ಟೊ ಎಂದರೆ ಒಂದು ಕಡೆ ಪಿಯಾನೋ, ಇನ್ನೊಂದು ಕಡೆ ಪಿಟೀಲು, ತುತ್ತೂರಿ, ನಗಾರಿಗಳ ಇಡೀ ದಂಡು. ಇಬ್ಬರೂ ಮಾತಾಡಿಕೊಂಡ ಹಾಗೆ ನುಡಿಸುವುದು. ಅದಾದ ಮೇಲೆ ಸಿಂಫನಿ; ಅದು ದಂಡಿನದೇ ಸಂಗೀತ.

ರಜೆ ಸಿಕ್ಕಿತು. ಬೊಂಬಾಯಿ ಗಾಡಿ ರಾಯಚೂರಿಗೇ ಬರುತ್ತದೆಂಬುದು ಈ ಸೀಮೆಯಲ್ಲಿ ನನಗಿದ್ದ ದೊಡ್ಡ ಸಮಾಧಾನ. ಆದರೆ ರಾಯಚೂರಿನ ಬಸ್ಸು ಗಬ್ಬೂರಿನ ಹತ್ತಿರ ನಿಂತುಬಿಟ್ಟಿತು. "ಎಕ್ಸಲ್ ಕಟ್ ಆಗ್ಯದ್ರೀ. ಬ್ಯಾರೆ ಬಸ್ ಬರಮಟ ಕುಂದರ್ರಿ," ಎಂದ ಕಂಡಕ್ಟರ್. ಜಾಲಿ ಮರದ ಕೆಳಗೆ ಕೂತು ರಸ್ತೆ ನೋಡಿದೆ. ಅಳಲಿಕ್ಕೂ ಆಗದಂಥ ಬಿಸಿಲು. ರಾಯಚೂರು ಮುಟ್ಟಿದಾಗ ಗಾಡಿ ಹೋಗಿಯಾಗಿತ್ತು. ಮುಂದಿನ ಗಾಡಿ ಹಿಡಿದರೆ ನಾನು ಇಳಿಯುವಷ್ಟರಲ್ಲಿ ಕಛೇರಿ ಮುಗಿದಿರುತ್ತಿತ್ತು. ತಿರುಗಿ ದೇವದುರ್ಗಕ್ಕೇ ಬಂದೆ. ಕಛೇರಿಯನ್ನು ಬೊಂಬಾಯಿ ರೇಡಿಯೋ ನೇರವಾಗಿ ಬಿತ್ತರಿಸುತ್ತದೆಂದು ಲೀನಾ ಬರೆದದ್ದನ್ನು ಮನೆಯಲ್ಲಿ ಹೇಳಿದೆ.

"ಬೊಂಬಾಯಿ ರೇಡಿಯೋ ನಮ್ಮ ಸೆಟ್ಟಿನಾಗ ಹಿಡೀತದ್ರಿ ಸಿಸ್ಟರ್, ಸಂಜಿ ಮುಂದ ನೋಡೂಣು," ಎಂದ ಈರಣ್ಣ. ಮರುದಿನ ಸಂಜೆ ರೇಡಿಯೋವನ್ನು ಮಾಳಿಗೆಗೆ ಒಯ್ದು ಮುಳ್ಳು ತಿರುಗಿಸುತ್ತ ಕೂತ. ಕರ್ರೆನ್ನುವ ಸದ್ದಿನ ಮಧ್ಯೆ ಲೀನಾಳ ಹೆಸರು ಕೇಳಿತು.

"ಅಷ್ಟೂ ಮಂದಿ ಮುಂದ ಅಕಿ ಒಬ್ಬಾಕಿನ?" ಎಂದಳು ಹನುಮವ್ವ.

"ಹೌದವ್ವಾ, ಒಬ್ಬಳೇ."

ಮೊದಲ ಭಾಗ ಚೆನ್ನಾಗಿ ಹೋಯಿತು. ಲೀನಾಳ ಬೆರಳು ನನಗೆ ಗೊತ್ತಾಗುತ್ತದೆ. ಎಡಗೈ ತುಸು ಭಾರ. ನಿಧಾನದ ಎರಡನೇ ಭಾಗ ಬಂದಾಗ ನಾನು ರೇಡಿಯೋದ ಹತ್ತಿರ ಸರಿದು ಕೂತೆ. ಅಲ್ಲೊಂದು ಕಡೆ ಅದೇ ರಾಗ ಎರಡನೇ ಸಲ ಬಂದು ಬೇರೆ ದಾರಿ ಹಿಡಿಯುತ್ತದೆ. ರಜೆಗೆ ಊರಿಗೆ ಬಂದು ಕಾನ್ವೆಂಟಿನಲ್ಲಿ ಅಭ್ಯಾಸ ಮಾಡುವಾಗ ಲೀನಾ ಹಳೇ ದಾರಿಗೇ ಹೋಗಿ ಸಿಕ್ಕಿಬೀಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಸರಿಯಾದ ಮೊದಲ ಸ್ವರ ಒತ್ತಿ ತೋರಿಸುತ್ತಿದ್ದೆ.

ಆ ತಿರುವು ಬಂತು. ಪಿಯಾನೋ ನಿಂತಿತು.

ಪಿಟೀಲುಗಳು ತುಸು ಮುಂದೆ ಹೋಗಿ ಅವೂ ನಿಂತವು. ಈರಣ್ಣ ರೇಡಿಯೋದ ತಲೆಗೆ ಬಡಿದ. "ಸೆಲ್ ಹೋಗ್ಯಾವೇನೋ."

"ರೇಡಿಯೋ ನಡೀತದಲೋ," ಎಂದಳು ಹನುಮವ್ವ. "ಅಲ್ಲಿ ಯಾರೋ ಕೆಮ್ಮಿದ್ರು, ಕೇಳಲಿಲ್ಲೇನು? ಹುಡುಗಿನೇ ಸುಮ್ಮಾಗ್ಯಾಳ." ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ಅಕಿ ಬಾಜೂಕ ಯಾರೂ ಕುಂತಿಲ್ಲೇನವ್ವಾ?"

ಇಲ್ಲ ಎಂದು ತಲೆಯಾಡಿಸಿದೆ. ಆ ಸ್ವರ ನನ್ನ ಬೆರಳಲ್ಲಿತ್ತು. ಮೊಣಕಾಲ ಮೇಲೆ ಅದನ್ನೇ ಒತ್ತುತ್ತಿದ್ದೆ. ಅಷ್ಟರಲ್ಲಿ ಗರಗರ ಸದ್ದು ಎದ್ದು ಬೊಂಬಾಯಿಯೇ ಮುಳುಗಿಹೋಯಿತು. ಈರಣ್ಣ ಮುಳ್ಳು ತಿರುಗಿಸಿ ತಿರುಗಿಸಿ ಸೋತ. ಮತ್ತೆ ಹತ್ತಿದಾಗ ಬರುತ್ತಿದ್ದದ್ದು ಸಿಂಫನಿ. ಸ್ವಚ್ಛವಾಗಿ, ಒಂದು ಸಲವೂ ಕರ್ರೆನ್ನದೆ, ಕೊನೆಯ ತನಕ ಕೇಳಿತು. ಅಂಥ ಚಂದದ ಸಂಗೀತವನ್ನು ನಾನು ಅಷ್ಟು ದ್ವೇಷಿಸಿದ್ದು ಅದೊಂದೇ ಸಲ. ಹನುಮವ್ವ ಕಡೆಯವರೆಗೂ ನನ್ನ ಕೈ ಹಿಡಿದೇ ಕೂತಿದ್ದಳು.

ಮರುದಿನ ಅಂಚೆ ಕಛೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಸಂಜೆಯವರೆಗೆ ಕಾದೆ. ಕೊನೆಗೆ ಲೀನಾಳ ಧ್ವನಿ, ಬಾವಿಯೊಳಗಿಂದ ಬಂದ ಹಾಗೆ.

"ಕೇಳಿದೆಯಾ, ಬಾಯ್?" ನಮ್ಮ ಮನೆಮಾತು ಕೊಂಕಣಿಯಲ್ಲಿ ಅಕ್ಕನನ್ನು ಕರೆಯುವುದು ಹಾಗೆ.

"ಕೇಳಿದೆ."

"ನಿಂತದ್ದೂ?"

"ಅದೂ ಕೇಳಿತು. ಆಮೇಲೆ ಏನಾಯಿತು? ಇಲ್ಲಿ ರೇಡಿಯೋ ಕೆಟ್ಟುಹೋಯಿತು."

ವಾದ್ಯವೃಂದ ನಡೆಸುವವರು ಬಗ್ಗಿ ಎಲ್ಲಿಂದ ಎಂದು ಹೇಳಿದರಂತೆ. ಮತ್ತೆ ಶುರು ಮಾಡಿ ಕೊನೆ ಮುಟ್ಟಿಸಿದಳಂತೆ. "ಚಪ್ಪಾಳೆ ಹೊಡೆದರು, ಬಾಯ್. ಎದ್ದು ನಿಂತು ಹೊಡೆದರು. ಅಯ್ಯೋ ಪಾಪ ಅಂತ. ಇನ್ನು ನಾನು ವೇದಿಕೆ ಹತ್ತುವುದಿಲ್ಲ." ಹಾಗೆಂದವಳು ಹತ್ತಲೂ ಇಲ್ಲ, ಈಗ ಮಕ್ಕಳಿಗೆ ಕಲಿಸುತ್ತಾಳೆ.

ಆ ಸಂಜೆ ಫೋನಿನಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡೆ. ಏನು ಹೇಳಲಿ ಎಂದು ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು: "ಸುಮ್ಕಿರಬೇ, ಅಳಬ್ಯಾಡ. ನಾ ಅದೀನಲ್ಲ."

ಅತ್ತ ಅಳು ಥಟ್ಟನೆ ನಿಂತಿತು. ಲೀನಾ ಕೊಂಕಣಿಯಲ್ಲೇ ಕೇಳಿದಳು: "ಬಾಯ್, ನೀನು ಯಾರ ಹತ್ತಿರ ಮಾತಾಡುತ್ತಿದ್ದೀ?"

ನಿನ್ನ ಹತ್ತಿರವೇ ಎನ್ನಬೇಕು. ನಾಲಿಗೆ ಕೊಂಕಣಿಗೆ ಹೊರಳುವಷ್ಟರಲ್ಲಿ ಲೈನ್ ಕಡಿದುಹೋಯಿತು.