ಪರೀಕ್ಷೆಗೆ ಕೂತ ಬಂಗಾರ

ಧಾರವಾಡದ ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಓರೆ ಮಾಡುತ್ತ ಚಿತ್ರ ತೆಗೆದು, ಎಲ್ಲವನ್ನೂ ಕೂಡಿಸಿ ಮೂರು ಆಯಾಮದ ಚಿತ್ರ ಮಾಡುತ್ತಿದ್ದೆ. ತೆಗೆದ ಚಿತ್ರಗಳು ಒಂದಕ್ಕೊಂದು ಹೊಂದದೆ ಬರೀ ಮಸುಕು. ಹೊಂದಿಸಲು ಗುರುತು ಬೇಕೆಂದು ಬಂಗಾರದ ಅತಿಸೂಕ್ಷ್ಮ ಕಣಗಳಿರುವ ಕೆಂಪು ದ್ರವ ತರಿಸಿದೆ. ಯಂತ್ರದಲ್ಲಿ ನನ್ನ ಸರದಿ ಮರುದಿನವೇ ಇತ್ತು.

ಉಗ್ರಾಣದ ಪಾಟೀಲರು ಸೀಸೆ ಬಿಡಲಿಲ್ಲ. "ಬಂಗಾರ ಅಂದಮ್ಯಾಲ ಪತ್ತಾರ ನೋಡಿ ಖರೇ ಅನ್ನಬೇಕ್ರಿ."

"ಇದು ಕಣ್ಣಿಗೆ ಕಾಣೂದಿಲ್ರಿ, ಸರ."

"ಕಾಣದ್ದನ್ನ ಮೊದಲ ನೋಡಬೇಕ್ರಿ."

ಪೇಟೆಯ ಅಕ್ಕಸಾಲಿ ಪತ್ತಾರ ಬಂದು ಆ ಕೆಂಪು ನೀರನ್ನು ಒರೆಗಲ್ಲಿನ ಮೇಲೆ ಹನಿಸಿದ, ಮೂಸಿದ, ನನ್ನ ಮುಖ ನೋಡಿದ. ಕನಿಕರ ಬಂತೋ ಏನೋ, "ಬಂಗಾರನ ಐತ್ರಿ" ಎಂದ.

ಮರುದಿನ ಆ ಕಣಗಳನ್ನು ಚೂರಿನ ಮೇಲೆ ಹರಡಿ, ಅವನ್ನೇ ಗುರುತು ಹಿಡಿದು ಹೊಂದಿಸಿದೆ; ಆ ಸಲ ಚಿತ್ರ ಸ್ಫುಟವಾಗಿ ಬಂತು. ಖುಷಿಯಿಂದ ಪಾಟೀಲರಿಗೆ ತೋರಿಸಿದೆ.

"ಬಂಗಾರ ಎಲ್ಲೈತ್ರಿ?"

"ಈ ಕರೀ ಚುಕ್ಕಿ ಅದಾವಲ್ರಿ, ಅವ."

ಅವರು ನನ್ನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟರು. "ಪತ್ತಾರ ನಮಗ ಟೋಪಿ ಹಾಕ್ಯಾನ್ರಿ."