ಗಂಡನ ಹೆಸರು ಕೇಳಿದ ಫೋನು

‘ಹೆಸರು ಹೇಳಿ’ ಅಂದಿತು ಫೋನು. ನನ್ನ ಮಾವಶಿ, ಅಂದರೆ ಚಿಕ್ಕಮ್ಮ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಾಚಿ ಕೆಂಪಾದಳು!

ಅರವತ್ತೈದು ದಾಟಿದ ಹೆಂಗಸು. ಮಿರಜದ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಒಂದು ಕಣ್ಣಿಗೆ ಆಪರೇಷನ್ ಪಟ್ಟಿ, ಇನ್ನೊಂದು ಮೊದಲೇ ಮಂಜು, ಓದಂತೂ ಬಾರದು. ಅವಳ ಗಂಡ, ನಮ್ಮ ಕಾಕಾ, ಎಮ್ಮೆ ಹಿಂಡಲು ತಮ್ಮೂರು ಸಲಗರೆಗೆ ವಾಪಸ್ ಹೋಗಿದ್ದಾರೆ. ಅವರ ಜೊತೆ ಮಾತಾಡಬೇಕೆಂದರೆ ಪ್ರತಿ ಸಲ ‘ತಂಗಿ, ಫೋನ್ ಹಚ್ಚಿಕೊಡವಾ’ ಎಂದು ನರ್ಸಮ್ಮನ ಮುಂದೆ ಗೋಗರೆಯಬೇಕು.

‘ನನಗ ಸಾಕಾಗೇತಿ. ನನ್ನ ಗಂಡನ ಜೋಡಿ ಮಾತಾಡಾಕ ಮಂದಿ ಪರವಾನಗಿ ಯಾಕ ಬೇಕು?’ ಎಂದಳು. ನ್ಯಾಯವಾದ ಪ್ರಶ್ನೆ ಅಲ್ಲವೇ?

ಉತ್ತರ ನನ್ನ ಮಗಳು ಸ್ನೇಹಲ್ ಹತ್ತಿರ ಇತ್ತು. ಅವಳು ಸಾಂಗಲಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಓದಲು ಬಾರದವರಿಗೆಂದೇ ಅವಳ ತಂಡ ಒಂದು ಆ್ಯಪ್ ಮಾಡುತ್ತಿದೆ. ಗುಂಡಿ ಒತ್ತಿ ಹೆಸರು ಹೇಳಿದರೆ ಸಾಕು, ಕಾಲ್ ಹೋಗುತ್ತದೆ. (ನಾನಂತೂ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.) ಅದನ್ನೇ ಮಾವಶಿಯ ಫೋನಿಗೆ ಹಾಕಿದಳು.

‘ಆಜಿ, ನುಸ್ತಾ ನಾವ್ ಹೇಳ್ರಿ’ ಎಂದಳು, ತನ್ನ ಅರ್ಧ ಮರಾಠಿ ಕನ್ನಡದಲ್ಲಿ. ಬರೀ ಹೆಸರು ಸಾಕಂತೆ.

ಬರೀ ಹೆಸರು! ನಲವತ್ತೈದು ವರ್ಷ ಸಂಸಾರ ಮಾಡಿದರೂ ಮಾವಶಿ ಗಂಡನ ಹೆಸರನ್ನು ಬರಿದೇ ಹೇಳಿದವಳಲ್ಲ. ಹೇಳಲೇಬೇಕೆಂದರೆ ಒಡಪು ಕಟ್ಟಿ, ಪ್ರಾಸದ ಸಾಲಿನೊಳಗೆ ಹೆಸರು ಸೇರಿಸಿಯೇ ಹೇಳಬೇಕು. ಗಂಟಲು ಸರಿಮಾಡಿಕೊಂಡಳು.

‘ಬಾಂವಿ ದಂಡಿ ಮ್ಯಾಲ ಮಲ್ಲಿಗಿ ಹೂವ, ಭೂಪಾಲರ ಮ್ಯಾಲ ನನ್ನ ಜೀವ!’

ಇಡೀ ವಾರ್ಡು ಚಪ್ಪಾಳೆ ತಟ್ಟಿತು. ಫೋನು ಮಾತ್ರ ಇಡೀ ಒಡಪನ್ನೇ ಹೆಸರೆಂದು ತಿಳಿದು ‘ಈ ಹೆಸರು ಸಿಗಲಿಲ್ಲ’ ಎಂದಿತು. ಮಾವಶಿಯ ಮುಖ ಬಾಡಿತು.

‘ಪಪ್ಪಾ, ನಮ್ಮ ಆಫೀಸ್‌ನಾಗ ಯಾರಿಗೂ ಇದು ಹೊಳದss ಇಲ್ಲ’ ಎಂದಳು ಸ್ನೇಹಲ್. ಹೊಳೆಯುವುದಾದರೂ ಹೇಗೆ? ಗಂಡನನ್ನು ಹೆಸರು ಹಿಡಿದು ಕರೆಯುವ ಹುಡುಗಿಯರೇ ಕೂತು ಮಾಡಿದ ಆ್ಯಪ್ ಅದು. (ಈ ಪದ್ಧತಿ ಸರಿಯೇ ಎಂದು ನನ್ನ ಮೇಲೆ ಎಗರಬೇಡಿ. ಆ ಕೆಲಸವನ್ನು ನನ್ನ ಹೆಂಡತಿ ಆಗಲೇ ಮಾಡಿ ಮುಗಿಸಿದ್ದಾಳೆ.)

ಎರಡು ದಿನ ಬಿಟ್ಟು ಸ್ನೇಹಲ್ ಆ್ಯಪ್ ತಿದ್ದಿಕೊಂಡು ಓಡುತ್ತಲೇ ಬಂದಳು. ಈ ಸಲ ಆ್ಯಪ್ ಹೆಸರು ಕೇಳಲಿಲ್ಲ. ಕಾಕಾರ ನಂಬರ್ ತೆರೆದು, ‘ಇವರನ್ನು ಏನಂತ ಕರೀತೀರಿ?’ ಎಂದು ಕೇಳಿತು.

‘ಏನ್ರೀ, ಕೇಳಿದ್ರೇನು?’ ಎಂದಳು ಮಾವಶಿ.

ಅದು ರೆಕಾರ್ಡ್ ಆಯಿತು. ತಡವರಿಸುತ್ತಾ ಗುಂಡಿ ಒತ್ತಿ ಮತ್ತೊಮ್ಮೆ ಅದನ್ನೇ ಅಂದಳು. ರಿಂಗಾಯಿತು! ನನಗೋ ಅಲ್ಲೇ ಕುಣಿಯುವಷ್ಟು ಖುಷಿ. (ಪಕ್ಕದ ಹಾಸಿಗೆಯ ಕುಪವಾಡದ ಹೆಂಗಸು ಆಗಲೇ ತನ್ನ ಫೋನನ್ನೂ ಮುಂದೆ ಚಾಚಿದ್ದಳು.)

ಆ ಕಡೆಯಿಂದ ಕಾಕಾ ದನಿ. ‘ಊಟ ಆತೇನ? ಯಾರು ಹಚ್ಚಿಕೊಟ್ರು ಫೋನ?’

‘ಯಾರೂ ಇಲ್ಲರಿ. ನಾನss ಹಚ್ಚೇನಿ.’

ಕಾಕಾ ಮೆಲ್ಲಗೆ, ‘ಹಂಗಾರ ಮಾತಾಡು, ಇಡಬ್ಯಾಡ’ ಎಂದರು.

ಮಾವಶಿ ತಾನೇ ಹಚ್ಚಿದ ಮೊದಲ ಫೋನು ಅದು. ಈಗ ಹೇಳಿ, ಆಕೆ ಫೋನಿನ ಮಾತು ಕಲಿಯಬೇಕಿತ್ತೋ, ಫೋನು ಆಕೆಯ ಮಾತು ಕಲಿಯಬೇಕಿತ್ತೋ?